ಭವಿಷ್ಯ ನಿಧಿಗೆ ಇಂದೇ ಕೈ, ಇಳಿವಯಸ್ಸಿಗೆ ಉಳಿಯುವುದೇನು?

ಚಿಕ್ಕಬಳ್ಳಾಪುರ: ಮಳೆ ಕೈಕೊಟ್ಟ ವರ್ಷ ಬಿತ್ತನೆಗೆಂದು ತೆಗೆದಿಟ್ಟ ರಾಗಿಯನ್ನೇ ಬೀಸಿ ಉಣ್ಣಬೇಕಾದ ಸಂಕಟ ಬಯಲುಸೀಮೆಯ ರೈತನಿಗೆ ಹೊಸದಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹೊಲ ಬಿಟ್ಟು ಕಾರ್ಖಾನೆಯ ದಾರಿ ಹಿಡಿದ ಆ ರೈತನ ಮಕ್ಕಳು ಈಗ ಅದೇ ಸಂಕಟವನ್ನು ಇನ್ನೊಂದು ರೂಪದಲ್ಲಿ ಎದುರಿಸುತ್ತಿದ್ದಾರೆ. ಬಿತ್ತನೆ ರಾಗಿಯ ಜಾಗದಲ್ಲಿ ಈಗ ಇರುವುದು ಭವಿಷ್ಯ ನಿಧಿ. ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಆಸ್ಪತ್ರೆಯ ಬಿಲ್ಲು, ಕೆಲಸ ಹೋದ ತಿಂಗಳ ಮನೆ ಬಾಡಿಗೆ, ಇವುಗಳಲ್ಲಿ ಯಾವುದು ಎದುರಾದರೂ ಮೊದಲು ನೆನಪಾಗುವುದು ಪಿಎಫ್ ಖಾತೆ.

ನಿವೃತ್ತಿಯ ಹಣಕ್ಕೆ ಅವಧಿಗೆ ಮುನ್ನವೇ ಕೈ ಹಾಕುವವರನ್ನು ದೂರದೃಷ್ಟಿ ಇಲ್ಲದವರೆಂದು ಹಳಿಯುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ. ಹಣವನ್ನು ಮುಪ್ಪಿನವರೆಗೆ ಕಾಯ್ದಿಟ್ಟರೂ ಕೈಗೆ ಬರುವ ಪಿಂಚಣಿ ಜೀವನಕ್ಕೆ ಸಾಲುವುದಿಲ್ಲ ಎಂಬ ಅಪನಂಬಿಕೆಯೇ ಈ ಹಿಂತೆಗೆತದ ಹಿಂದಿನ ದೊಡ್ಡ ಕಾರಣ. ಆ ಅಪನಂಬಿಕೆಯನ್ನು ದೂರ ಮಾಡದೆ ಖಾತೆಗೆ ಬೀಗ ಹಾಕಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಹತ್ತು ವರ್ಷಗಳ ಹಿಂದೆಯೇ ಕಂಡಿದೆ.

ಬೀದಿಗೆ ಬಂದ ಹೊಲಿಗೆ ಕಾರ್ಮಿಕರು

2016ರ ಫೆಬ್ರುವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಅಧಿಸೂಚನೆಯೊಂದನ್ನು ಹೊರಡಿಸಿತು. ಕೆಲಸ ಬಿಟ್ಟ ಕಾರ್ಮಿಕರು ಭವಿಷ್ಯ ನಿಧಿಯಿಂದ ತಮ್ಮ ಪಾಲು ಹಾಗೂ ಅದರ ಬಡ್ಡಿಯನ್ನು ಮಾತ್ರ ಪಡೆಯಬಹುದು, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗದು ಎಂಬುದು ಅದರ ಸಾರ. ಸುದ್ದಿ ಕಾರ್ಖಾನೆಗಳಿಗೆ ತಲುಪಿದಾಗ ಬೆಂಗಳೂರಿನ ಸಿದ್ಧ ಉಡುಪು ಕಾರ್ಮಿಕರು ಏಪ್ರಿಲ್ 18 ಮತ್ತು 19ರಂದು ಬೀದಿಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಂಚಾರ ಸ್ತಬ್ಧವಾಯಿತು. ಬಸ್ಸುಗಳು ಸುಟ್ಟವು, ಪೊಲೀಸರು ಅಶ್ರುವಾಯು ಸಿಡಿಸಿದರು. ಬೀದಿಗಿಳಿದ ಸಾವಿರಾರು ಜನರಲ್ಲಿ ಬಹುಪಾಲು ಮಹಿಳೆಯರು. ಯಾವುದೇ ದೊಡ್ಡ ಸಂಘಟನೆ ಕರೆ ಕೊಟ್ಟು ನಡೆಸಿದ ಹೋರಾಟ ಅದಾಗಿರಲಿಲ್ಲ. ಅಂದಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ 19ರಂದೇ ಅಧಿಸೂಚನೆ ಹಿಂಪಡೆದಿರುವುದಾಗಿ ಪ್ರಕಟಿಸಿದರು.

ಸರ್ಕಾರದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಇಳಿವಯಸ್ಸಿಗೆಂದು ಕೂಡಿಟ್ಟ ಹಣ ಇಳಿವಯಸ್ಸಿಗೇ ಉಳಿಯಬೇಕು ಎಂಬುದು ಯೋಜನೆಯ ಮೂಲ ಉದ್ದೇಶ. ಆದರೆ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಮಹಿಳೆಗೆ 58ನೇ ವಯಸ್ಸು ಎಂಬುದೇ ದೂರದ ಮಾತು. ಕಣ್ಣು, ಬೆನ್ನು ಸೋತ ಮೇಲೆ ಅವಳನ್ನು ಅಲ್ಲಿಯವರೆಗೆ ಕೆಲಸದಲ್ಲಿ ಉಳಿಸಿಕೊಳ್ಳುವ ಕಾರ್ಖಾನೆಗಳು ವಿರಳ. ನಲವತ್ತರ ಆಸುಪಾಸಿನಲ್ಲಿ ಮನೆಗೆ ಮರಳುವವಳಿಗೆ ಮುಂದಿನ ಹದಿನೆಂಟು ವರ್ಷ ಏನು ಗತಿ ಎಂಬ ಪ್ರಶ್ನೆಗೆ ಅಧಿಸೂಚನೆಯಲ್ಲಿ ಉತ್ತರವಿರಲಿಲ್ಲ.

ಆ ಪ್ರತಿಭಟನೆ ನಡೆದದ್ದು ಬೆಂಗಳೂರಿನಲ್ಲಾದರೂ ಅದರ ಪ್ರಶ್ನೆ ಗೌರಿಬಿದನೂರಿಗೂ ಸೇರಿದ್ದು. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಸಾಗುವ ರೈಲು ಮಾರ್ಗದಲ್ಲಿರುವ ಈ ಪಟ್ಟಣದಿಂದ ದೊಡ್ಡಬಳ್ಳಾಪುರ, ಯಲಹಂಕದ ಕಡೆಗೆ ನಿತ್ಯ ದುಡಿಮೆಗೆ ಹೋಗಿಬರುವವರಿದ್ದಾರೆ. ಸ್ಥಳೀಯವಾಗಿಯೂ ಕುಡುಮಲಕುಂಟೆಯಂಥ ಕೈಗಾರಿಕಾ ಪ್ರದೇಶಗಳಿವೆ. ಜಿಲ್ಲೆಯಲ್ಲಿ ಪಿಎಫ್ ಎಂಬ ಮಾತು ಮನೆಮಾತಾಗಿರುವುದು ಮುಖ್ಯವಾಗಿ ಇಂಥ ಕಾರ್ಖಾನೆ ಕುಟುಂಬಗಳಲ್ಲಿ.

ಹನ್ನೆರಡು ಸಾವಿರದ ಲೆಕ್ಕ

ಉದಾಹರಣೆಗೆ, ಮೂಲವೇತನ ಹಾಗೂ ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ರೂಪಾಯಿ ಪಡೆಯುವ ಕಾರ್ಮಿಕಳೊಬ್ಬಳನ್ನು ತೆಗೆದುಕೊಳ್ಳೋಣ. ಶೇ 12ರಂತೆ ಅವಳ ಸಂಬಳದಿಂದ 1,440 ರೂಪಾಯಿ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಕಟ್ಟಬೇಕು. ಆದರೆ ಮಾಲೀಕರ ಪಾಲು ಇಡಿಯಾಗಿ ಪಿಎಫ್ ಖಾತೆಗೆ ಹೋಗುವುದಿಲ್ಲ. ಅದರಲ್ಲಿ ಶೇ 8.33ರಷ್ಟು, ಎಂದರೆ ಸುಮಾರು 1,000 ರೂಪಾಯಿ, 1995ರ ನವೆಂಬರ್‌ನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಗೆ ಸೇರುತ್ತದೆ. ಉಳಿದ 440 ರೂಪಾಯಿ ಮಾತ್ರ ಪಿಎಫ್‌ಗೆ. ಹೀಗೆ ತಿಂಗಳಿಗೆ 1,880 ರೂಪಾಯಿಯಂತೆ ಐದು ವರ್ಷಕ್ಕೆ ಬಡ್ಡಿ ಬಿಟ್ಟು 1,12,800 ರೂಪಾಯಿ ಕೂಡುತ್ತದೆ.

ಈ ಪೈಕಿ ಒಂದು ಲಕ್ಷವನ್ನು ಮುಟ್ಟದೆ 25 ವರ್ಷ ಬಿಟ್ಟರೆ, 2024-25ನೇ ಸಾಲಿಗೆ ನಿಗದಿಯಾದ ಶೇ 8.25ರ ಬಡ್ಡಿ ದರವೇ ಮುಂದುವರಿಯುವುದೆಂದು ಭಾವಿಸಿದಲ್ಲಿ, ಅದು ಸುಮಾರು 7.25 ಲಕ್ಷ ರೂಪಾಯಿ ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಆ ಮೊತ್ತದ ಇಂದಿನ ಬೆಲೆ 2.14 ಲಕ್ಷದಷ್ಟು. ಉಳಿತಾಯ ಬೆಳೆಯುವುದು ನಿಜ. ಆದರೆ ಭಿತ್ತಿಪತ್ರಗಳಲ್ಲಿ ಕಾಣುವ ದೊಡ್ಡ ಅಂಕಿಯಷ್ಟಲ್ಲ.

ಈಗ ಲೆಕ್ಕದ ಇನ್ನೊಂದು ಬದಿಯನ್ನು ನೋಡಬೇಕು. ಮನೆಯಲ್ಲಿ ಕಷ್ಟ ಬಂದಾಗ ಇದೇ ಕಾರ್ಮಿಕಳಿಗೆ ಪಿಎಫ್ ಬಿಟ್ಟರೆ ಉಳಿಯುವ ದಾರಿ ಚೀಟಿ, ಒಡವೆ ಅಡವು ಅಥವಾ ಮೈಕ್ರೊ ಫೈನಾನ್ಸ್. ಮೈಕ್ರೊ ಫೈನಾನ್ಸ್ ಸಾಲದ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ 20ನ್ನು ಮೀರುತ್ತದೆ. ವಸೂಲಿಯ ಕಿರುಕುಳ ಎಷ್ಟರ ಮಟ್ಟಿಗೆ ಹೋಗಿತ್ತೆಂದರೆ, ಅದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಶೇ 8.25 ಗಳಿಸುವ ಹಣವನ್ನು ಹಾಗೆಯೇ ಬಿಟ್ಟು ಶೇ 20ಕ್ಕೂ ಮೇಲ್ಪಟ್ಟ ಬಡ್ಡಿಗೆ ಸಾಲ ಮಾಡುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ. ಅರ್ಥಾತ್, ಪಿಎಫ್ ಒಡೆಯುವ ಕಾರ್ಮಿಕಳ ತೀರ್ಮಾನ ಆ ಕ್ಷಣಕ್ಕೆ ಸರಿಯಾದದ್ದೇ. ಅದಕ್ಕಿಂತ ಉತ್ತಮವಾದ ದಾರಿಯೊಂದು ಅವಳ ಮುಂದೆ ಇಲ್ಲದಿರುವುದೇ ತಪ್ಪು.

ಸಡಿಲವಾದ ಬೀಗ

2016ರ ಪಾಠವೋ, ಕೋವಿಡ್ ಕಾಲದ ಅನುಭವವೋ, ನಿಯಮಗಳು ಆನಂತರ ಸಡಿಲವಾಗುತ್ತಲೇ ಬಂದವು. 2018ರ ಡಿಸೆಂಬರ್‌ನಿಂದ ಕೆಲಸ ಕಳೆದುಕೊಂಡು ಒಂದು ತಿಂಗಳಾದವರಿಗೆ ಶೇ 75ರಷ್ಟು ಹಣ ಪಡೆಯುವ ಅವಕಾಶ ದೊರೆಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಮುಂಗಡ ಜಾರಿಗೆ ಬಂತು. ಮೂರು ತಿಂಗಳ ವೇತನ ಅಥವಾ ಖಾತೆಯಲ್ಲಿರುವ ಹಣದ ಶೇ 75, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮರುಪಾವತಿಯ ಹೊರೆಯಿಲ್ಲದೆ ಪಡೆಯಬಹುದಾಗಿತ್ತು. 2021ರಲ್ಲಿ ಎರಡನೇ ಬಾರಿಗೂ ಅನುಮತಿ ನೀಡಲಾಯಿತು. 2024ರ ಜೂನ್‌ನಲ್ಲಿ ಈ ಸೌಲಭ್ಯ ಕೊನೆಗೊಂಡಿತು.

2025ರ ಅಕ್ಟೋಬರ್ 13ರಂದು ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವೀಯ ಅಧ್ಯಕ್ಷತೆಯಲ್ಲಿ ನಡೆದ ಭವಿಷ್ಯ ನಿಧಿ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ಸಭೆ ಇನ್ನೂ ದೊಡ್ಡ ತೀರ್ಮಾನ ಕೈಗೊಂಡಿತು. ಭಾಗಶಃ ಹಿಂತೆಗೆತಕ್ಕೆ ಇದ್ದ 13 ಬಗೆಯ ನಿಯಮಗಳನ್ನು ಮೂರಕ್ಕೆ ಇಳಿಸುವುದು, ಹನ್ನೆರಡು ತಿಂಗಳ ಸೇವೆಯಾದವರಿಗೆಲ್ಲ ಅವಕಾಶ ನೀಡುವುದು, ಮಾಲೀಕರ ಪಾಲಿನಿಂದಲೂ ಹಣ ತೆಗೆಯಲು ಬಿಡುವುದು, ಶೇ 25ರಷ್ಟನ್ನು ಮಾತ್ರ ಕನಿಷ್ಠ ಶಿಲ್ಕಾಗಿ ಉಳಿಸುವುದು ಅದರಲ್ಲಿ ಸೇರಿತ್ತು. ಇದರ ಜತೆಗೇ ಎರಡು ಗಡುವುಗಳನ್ನು ಉದ್ದ ಮಾಡಲು ಮಂಡಳಿ ನಿರ್ಧರಿಸಿತು. ಕೆಲಸ ಹೋದವರು ಪಿಎಫ್ ಖಾತೆಯನ್ನು ಪೂರ್ತಿ ಚುಕ್ತಾ ಮಾಡಿಕೊಳ್ಳಲು ಕಾಯಬೇಕಾದ ಅವಧಿ ಎರಡು ತಿಂಗಳ ಬದಲು ಹನ್ನೆರಡು ತಿಂಗಳು. ಪಿಂಚಣಿ ಹಣ ಹಿಂಪಡೆಯಲು ಎರಡು ತಿಂಗಳ ಬದಲು 36 ತಿಂಗಳು.

ಈ ನಿರ್ಧಾರಕ್ಕೆ ಸಚಿವಾಲಯ ಕೊಟ್ಟ ಕಾರಣ ಗಮನಾರ್ಹ. ಅಂತಿಮವಾಗಿ ಖಾತೆ ಮುಗಿಸುವಾಗ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಗೂ ಕಡಿಮೆ, ನಾಲ್ಕರಲ್ಲಿ ಮೂರು ಪಾಲು ಸದಸ್ಯರ ಖಾತೆಯಲ್ಲಿ 50,000 ರೂಪಾಯಿಗೂ ಕಡಿಮೆ ಹಣವಿತ್ತು ಎಂಬುದೇ ಆ ಕಾರಣ. ಜೀವಮಾನದ ಉಳಿತಾಯ ಎನ್ನುವ ನಿಧಿ ಬಹುಪಾಲು ಜನರಿಗೆ ಒಂದು ಸಾಧಾರಣ ಮದುವೆಯ ಖರ್ಚಿಗೂ ಸಾಲದ ಮೊತ್ತವಾಗಿದೆ. ಒಂದು ಕೈಯಲ್ಲಿ ಬಾಗಿಲು ಅಗಲವಾಗಿ ತೆರೆದು, ಇನ್ನೊಂದು ಕೈಯಲ್ಲಿ ನಾಲ್ಕನೇ ಒಂದು ಪಾಲನ್ನು ಬಿಗಿಯಾಗಿ ಹಿಡಿದುಕೊಳ್ಳುವ ಈ ಸೂತ್ರ 2016ರ ಸೂತ್ರಕ್ಕಿಂತ ವಾಸ್ತವಕ್ಕೆ ಹತ್ತಿರವಾಗಿದೆ. ಆದರೂ ಕೆಲಸ ಹೋದವರ ಪಾಲಿಗೆ ಹನ್ನೆರಡು ತಿಂಗಳು ದೀರ್ಘಾವಧಿಯೇ ಸರಿ.

ಕಣ್ಣಿಗೆ ಕಾಣದ ನಷ್ಟ

ಪಿಎಫ್ ಹಣ ತೆಗೆಯುವುದಕ್ಕೂ ಪಿಂಚಣಿ ಹಣ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಅನೇಕ ಕಾರ್ಮಿಕರ ಗಮನಕ್ಕೆ ಬರುವುದೇ ಇಲ್ಲ. ಕೆಲಸ ಬಿಟ್ಟಾಗ ಪಿಎಫ್ ಅರ್ಜಿಯ ಜತೆಗೆ ನಮೂನೆ 10ಸಿ ಎಂಬ ಇನ್ನೊಂದು ಅರ್ಜಿಯನ್ನೂ ತುಂಬಿ ಕೊಡುವುದು ರೂಢಿ. ಹತ್ತು ವರ್ಷ ಸೇವೆ ಪೂರೈಸದವರು ಪಿಂಚಣಿ ಯೋಜನೆಯ ಹಣವನ್ನು ಹಿಂಪಡೆಯಲು ಬಳಸುವ ಅರ್ಜಿ ಅದು. ನಿಜವಾದ ನಷ್ಟ ಆಗುವುದು ಇಲ್ಲಿ.

ಐದು ವರ್ಷ ದುಡಿದವರಿಗೆ ಈ ಬಾಬ್ತಿನಲ್ಲಿ ಸಿಗುವುದು ಸುಮಾರು ಐದು ತಿಂಗಳ ಸಂಬಳದಷ್ಟು. ಮೇಲಿನ ಉದಾಹರಣೆಯಲ್ಲಿ ಅಂದಾಜು 60,000 ರೂಪಾಯಿ. ಆದರೆ ಹಣ ಕೈಗೆ ಬಂದೊಡನೆ ಆ ಐದು ವರ್ಷಗಳ ಸೇವೆ ಪಿಂಚಣಿ ಲೆಕ್ಕದಿಂದ ಅಳಿಸಿಹೋಗುತ್ತದೆ. ಮುಂದೆ ಬೇರೊಂದು ಕಾರ್ಖಾನೆಗೆ ಸೇರಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭ. ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ಸೇವೆ ಬೇಕು. ನಾಲ್ಕು ವರ್ಷ ಒಂದು ಕಡೆ, ಐದು ವರ್ಷ ಇನ್ನೊಂದು ಕಡೆ, ಆರು ವರ್ಷ ಮತ್ತೊಂದು ಕಡೆ ಹೊಲಿಗೆ ಹಾಕಿ, ಪ್ರತಿ ಬಾರಿಯೂ ಲೆಕ್ಕ ಚುಕ್ತಾ ಮಾಡಿಕೊಂಡವಳು ಒಟ್ಟು ಹದಿನೈದು ವರ್ಷ ದುಡಿದೂ ಪಿಂಚಣಿಗೆ ಅರ್ಹಳಾಗುವುದಿಲ್ಲ.

ಪಿಂಚಣಿಯ ಸೂತ್ರ ಸರಳವಾದದ್ದು. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 12,000 ರೂಪಾಯಿ ವೇತನದ ಮೇಲೆ ಹದಿನೈದು ವರ್ಷಕ್ಕೆ ತಿಂಗಳಿಗೆ 2,571 ರೂಪಾಯಿ ಬರುತ್ತದೆ. ಇದರಲ್ಲಿ ಮೊದಲ ಐದು ವರ್ಷಗಳ ಪಾಲು 857 ರೂಪಾಯಿ. ಲೆಕ್ಕ ನಡೆಯುವುದು ಕೊನೆಯ ವೇತನದ ಮೇಲಾದ್ದರಿಂದ, ಕಡಿಮೆ ಸಂಬಳದಲ್ಲಿ ದುಡಿದ ಹಳೆಯ ವರ್ಷಗಳಿಗೂ ಗರಿಷ್ಠ ಮಿತಿಗೆ ಒಳಪಟ್ಟು ಹೊಸ ಸಂಬಳದ ಬೆಲೆಯೇ ಸಿಗುತ್ತದೆ. ಪಿಂಚಣಿದಾರರು ತೀರಿಕೊಂಡರೆ ಸಂಗಾತಿಗೆ ಕುಟುಂಬ ಪಿಂಚಣಿಯೂ ಉಂಟು.

ಹಣದ ಜರೂರಿದ್ದವರು ಪಿಎಫ್ ಪಾಲನ್ನು ಮಾತ್ರ ತೆಗೆದು ಪಿಂಚಣಿಯ ಪಾಲನ್ನು ಮುಟ್ಟದಿರಬಹುದು. ನಮೂನೆ 10ಸಿ ಮೂಲಕವೇ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳುವ ಅವಕಾಶವಿದೆ. ಹಳೆಯ ಸೇವೆಯನ್ನು ಮುಂದಿನ ಕೆಲಸಕ್ಕೆ ಜೋಡಿಸುವ ದಾಖಲೆ ಅದು. ಇದಕ್ಕೆ ಖರ್ಚಿಲ್ಲ, ಕಾನೂನಿನ ತಿದ್ದುಪಡಿಯೂ ಬೇಕಿಲ್ಲ. ಕೆಲಸ ಬಿಡುವ ದಿನ ಕಾರ್ಖಾನೆಯ ಕಚೇರಿಯಲ್ಲಿ ಒಬ್ಬರು ಹತ್ತು ನಿಮಿಷ ಕುಳಿತು ವಿವರಿಸಿದರೆ ಸಾಕು.

ಆದರೆ ವಿವರಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. 2,571 ರೂಪಾಯಿಯಲ್ಲಿ ಯಾರು ಬದುಕಬಲ್ಲರು? 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಅಂದೇ ಪಿಂಚಣಿಗೆ ಪರಿಗಣಿಸುವ ವೇತನದ ಮಿತಿ 6,500ರಿಂದ 15,000 ರೂಪಾಯಿಗೆ ಏರಿತು. ಆ ಮಿತಿಯಲ್ಲೇ 35 ವರ್ಷ ದುಡಿದವರಿಗೂ ಸೂತ್ರದ ಪ್ರಕಾರ ಬರುವುದು 7,500 ರೂಪಾಯಿ. ಬೆಲೆ ಏರಿದಂತೆ ಈ ಪಿಂಚಣಿ ಏರುವುದಿಲ್ಲ, ಇದಕ್ಕೆ ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿಯನ್ನು 7,500 ರೂಪಾಯಿಗೆ ಏರಿಸಬೇಕೆಂದು ಪಿಂಚಣಿದಾರರು ವರ್ಷಗಳಿಂದ ಬೇಡಿಕೆ ಇಡುತ್ತಲೇ ಬಂದಿದ್ದಾರೆ.

ಖಾತೆಯೇ ಇಲ್ಲದವರು

ಗೌರಿಬಿದನೂರಿನ ಕಾರ್ಮಿಕರಿಗೆ ಒಡೆಯಲು ಒಂದು ಖಾತೆಯಾದರೂ ಇದೆ. ಶಿಡ್ಲಘಟ್ಟ ಮತ್ತು ಚಿಂತಾಮಣಿಯ ದುಡಿಯುವವರಲ್ಲಿ ಹೆಚ್ಚಿನವರಿಗೆ ಅದೂ ಇಲ್ಲ. ಭವಿಷ್ಯ ನಿಧಿ ಕಾನೂನು ಅನ್ವಯಿಸುವುದು ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯ ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ಆ ಗೂಡನ್ನು ಬಿಸಿ ನೀರಿಗೆ ಹಾಕಿ ನೂಲು ತೆಗೆಯುವ ಕೈಗಳು ದುಡಿಯುವುದು ಬಹುತೇಕ ಸಣ್ಣ ಸಣ್ಣ ಘಟಕಗಳಲ್ಲಿ. ಚಿಂತಾಮಣಿಯ ಅಂಗಡಿ ಗುಮಾಸ್ತರು, ಟೊಮೆಟೊ ಮಂಡಿಯ ಹಮಾಲಿಗಳ ಸ್ಥಿತಿಯೂ ಭಿನ್ನವಲ್ಲ.

ಇಂಥವರಿಗೆಂದೇ 2015ರಲ್ಲಿ ಅಟಲ್ ಪಿಂಚಣಿ ಯೋಜನೆ, 2019ರಲ್ಲಿ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ ಯೋಜನೆ ಬಂದವು. ಎರಡಕ್ಕೂ ಸೇರಲು ವಯೋಮಿತಿ 18ರಿಂದ 40. ಅಟಲ್ ಯೋಜನೆಯಡಿ 60ರ ನಂತರ ತಿಂಗಳಿಗೆ 5,000 ರೂಪಾಯಿ ಪಡೆಯಲು 18ರ ಯುವಕ ತಿಂಗಳಿಗೆ 210 ರೂಪಾಯಿ ಕಟ್ಟಿದರೆ, 40 ತುಂಬಿದವರು 1,454 ರೂಪಾಯಿ ಕಟ್ಟಬೇಕಾಗುತ್ತದೆ. ದಿನಗೂಲಿಯ ಮನೆಯಲ್ಲಿ ಇಪ್ಪತ್ತು ವರ್ಷ ತಪ್ಪದೆ ಈ ಕಂತು ಕಟ್ಟುವುದು ಸಣ್ಣ ಮಾತಲ್ಲ. ಗೂಡಿನ ಬೆಲೆ ಕುಸಿದ ವಾರ ನೂಲು ತೆಗೆಯುವವರ ಕೂಲಿಗೂ ಸಂಚಕಾರ ಬರುತ್ತದೆ. ಇನ್ನು, 18ಕ್ಕೇ ಸೇರಿದ ಯುವಕನಿಗೆ 42 ವರ್ಷಗಳ ನಂತರ ಬರುವ 5,000 ರೂಪಾಯಿಯ ಬೆಲೆ, ಶೇ 5ರ ಹಣದುಬ್ಬರದಲ್ಲಿ, ಇಂದಿನ 650 ರೂಪಾಯಿಗೂ ಕಡಿಮೆ.

ಕೊನೆಗೆ ಉಳಿಯುವುದು ಸರ್ಕಾರದ ಸಾಮಾಜಿಕ ಭದ್ರತಾ ಪಿಂಚಣಿ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತವನ್ನು 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿಸಲಾಯಿತು. ಅದು ದೊರೆಯುವುದು 65 ತುಂಬಿದ ಮೇಲೆ. ನಲವತ್ತು ವರ್ಷ ಬಿಸಿ ನೀರಿನಲ್ಲಿ ಕೈ ಅದ್ದಿದವಳ ಪಿಂಚಣಿಗೂ, ಎಂದೂ ಕೂಲಿ ಮಾಡದವರ ಪಿಂಚಣಿಗೂ ಇಲ್ಲಿ ವ್ಯತ್ಯಾಸವಿಲ್ಲ.

ಸರ್ಕಾರಿ ನೌಕರರ ಆತಂಕ

ಪಿಂಚಣಿ ಎಂದರೆ ಸರ್ಕಾರಿ ಕೆಲಸ ಎಂಬ ಹಳೆಯ ನಂಬಿಕೆಯೂ ಈಗ ಅಲುಗಾಡಿದೆ. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ರಾಜ್ಯದಲ್ಲಿ ಹೊಸ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 2006ರ ಏಪ್ರಿಲ್ 1ರಿಂದ. ಜಿಲ್ಲಾ ಕೇಂದ್ರವಾದ ಮೇಲೆ ಇಲ್ಲಿನ ಕಚೇರಿ, ಶಾಲೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಬಹುಮಟ್ಟಿಗೆ ಈ ಹೊಸ ವ್ಯವಸ್ಥೆಗೇ ಸೇರಿದವರು.

ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ ಖಚಿತವಾಗಿತ್ತು. ಹೊಸ ಪದ್ಧತಿಯಲ್ಲಿ ನೌಕರರು ವೇತನದ ಶೇ 10, ಸರ್ಕಾರ ಶೇ 14ರಷ್ಟು ಕಟ್ಟುತ್ತವೆ. ನಿವೃತ್ತಿಯ ವೇಳೆ ಶೇ 60ರವರೆಗೆ ಒಮ್ಮೆಗೇ ಪಡೆದು, ಕನಿಷ್ಠ ಶೇ 40ರಲ್ಲಿ ವರ್ಷಾಶನ ಖರೀದಿಸಬೇಕು. ಎಷ್ಟು ಬರುತ್ತದೆ ಎಂಬುದನ್ನು ನಿರ್ಧರಿಸುವುದು ಮಾರುಕಟ್ಟೆ.

ಹಳೆಯ ಪಿಂಚಣಿಯೂ ಸೇರಿದಂತೆ ವಿವಿಧ ಬೇಡಿಕೆಗಳಿಗಾಗಿ 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದಾಗ, ಅಂದಿನ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ನೀಡಿ, ಪಿಂಚಣಿ ವಿಷಯದ ಅಧ್ಯಯನಕ್ಕೆ ಸಮಿತಿ ರಚಿಸಿತು. 2024ರ ಜನವರಿಯಲ್ಲಿ ಸಿದ್ದರಾಮಯ್ಯ ಸರ್ಕಾರ, 2006ಕ್ಕೆ ಮುನ್ನ ಅಧಿಸೂಚನೆಯಾಗಿ ನಂತರ ನೇಮಕಗೊಂಡ ಸುಮಾರು 13 ಸಾವಿರ ನೌಕರರಿಗೆ ಹಳೆಯ ಪಿಂಚಣಿಯ ಅವಕಾಶ ನೀಡಿತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ಯೋಜನೆ ತಂದು, 25 ವರ್ಷ ಸೇವೆಗೆ ಅರ್ಧ ವೇತನದ, ಹತ್ತು ವರ್ಷ ಸೇವೆಗೆ ಕನಿಷ್ಠ 10,000 ರೂಪಾಯಿಯ ಭರವಸೆ ನೀಡಿತು.

ಸಂಘಟಿತರು ಕೇಳಿದಾಗ ಖಚಿತ ಪಿಂಚಣಿಯ ಮಾತು ಮರಳಿ ಬರುತ್ತದೆ ಎಂಬುದು ಇದರಿಂದ ಸ್ಪಷ್ಟ. ಹತ್ತು ವರ್ಷ ಸೇವೆ ಮಾಡಿದ ಕೇಂದ್ರ ನೌಕರನಿಗೆ 10,000 ರೂಪಾಯಿ, ಅಷ್ಟೇ ವರ್ಷ ದುಡಿದ ಹೊಲಿಗೆ ಕಾರ್ಮಿಕಳಿಗೆ 1,714 ರೂಪಾಯಿ. ಇಬ್ಬರ ಸಂಬಳದಲ್ಲಿ ಅಂತರವಿರುವುದು ಸಹಜ. ಆದರೆ ಮುಪ್ಪಿನಲ್ಲಿ ಇಬ್ಬರೂ ಕೊಳ್ಳುವ ಅಕ್ಕಿ, ಮಾತ್ರೆಗಳ ಬೆಲೆ ಒಂದೇ.

ದಾರಿ ಯಾವುದು?

ಖಾತೆಗೆ ಬೀಗ ಹಾಕುವುದು ಅಥವಾ ಬೀಗ ತೆಗೆಯುವುದು, ಇವೆರಡರ ನಡುವೆಯೇ ಚರ್ಚೆ ಸುತ್ತುತ್ತಿರುವವರೆಗೆ ಸಮಸ್ಯೆ ಬಗೆಹರಿಯದು. ಪಿಎಫ್ ಈಗ ಮಾಡುತ್ತಿರುವುದು ಮೂರು ಕೆಲಸ. ಅದು ಆಸ್ಪತ್ರೆಯ ವಿಮೆ, ನಿರುದ್ಯೋಗದ ಭತ್ಯೆ, ಮುಪ್ಪಿನ ಆಸರೆ. ಒಂದೇ ಗಡಿಗೆಯಿಂದ ಮೂರು ಒಲೆಗೆ ನೀರು ಹೊಯ್ದರೆ ಗಡಿಗೆ ಬರಿದಾಗುವುದು ಖಂಡಿತ. ಕಾರ್ಮಿಕರ ರಾಜ್ಯ ವಿಮೆ ಯೋಜನೆ ಸಣ್ಣ ಪಟ್ಟಣಗಳಲ್ಲೂ ಸರಿಯಾಗಿ ಕೆಲಸ ಮಾಡಿದರೆ ಚಿಕಿತ್ಸೆಗೆಂದು ಪಿಎಫ್ ಒಡೆಯುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಕೆಲಸ ಹೋದ ಮೂರು ತಿಂಗಳಿಗಾದರೂ ಅರ್ಧ ಸಂಬಳ ಖಚಿತವಾದರೆ ಖಾತೆ ಮುಗಿಸುವ ಆತುರ ತಗ್ಗುತ್ತದೆ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅಸಂಘಟಿತ ಕಾರ್ಮಿಕರಿಗೂ ಭದ್ರತೆ ಒದಗಿಸುವ ಮಾತು ಅದರಲ್ಲಿದೆ. ಮಾತು ಶಿಡ್ಲಘಟ್ಟದ ನೂಲು ತೆಗೆಯುವವರ ಮನೆ ತಲುಪಬೇಕಾದರೆ, ಸ್ಥಳೀಯವಾಗಿ ನೋಂದಣಿ, ಸರ್ಕಾರದ ಸಮಪಾಲು, ಕಂತು ತಪ್ಪಿದರೂ ಯೋಜನೆಯಿಂದ ಹೊರಬೀಳದಂಥ ಸೌಲಭ್ಯ, ಬೆಲೆಯೊಂದಿಗೆ ಏರುವ ಪಿಂಚಣಿ, ಇಷ್ಟಾದರೂ ಬೇಕು.

ಬಿತ್ತನೆ ರಾಗಿ ಉಂಡ ರೈತನಿಗೆ ಮುಂಗಾರಿನ ಹೊತ್ತಿಗೆ ಬೀಜ ಕೊಡುವ ವ್ಯವಸ್ಥೆಯೊಂದು ಇರಬೇಕಾಗುತ್ತದೆ. ಬೀಜ ಏಕೆ ಉಂಡೆ ಎಂದು ಅವನನ್ನು ಗದರಿದರೆ ಹೊಲ ಹಸಿರಾಗುವುದಿಲ್ಲ. ಪಿಎಫ್ ಕಚೇರಿಯ ಮುಂದಿನ ಸಾಲಿನಲ್ಲಿ ಅರ್ಜಿ ಹಿಡಿದು ನಿಂತವರ ವಿಷಯದಲ್ಲೂ ಸರ್ಕಾರ ಮೊದಲು ಅರಿಯಬೇಕಾದದ್ದು ಇದನ್ನೇ.